ರಿಯಾಕ್ಟರಿನ ಸುರಕ್ಷಾ ವ್ಯವಸ್ಥೆ: ಅನಲಾಗ್ ಏಕೆ ಇನ್ನೂ ಉಳಿದಿದೆ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಅನೇಕ ಅಣುವಿದ್ಯುತ್ ಸ್ಥಾವರಗಳಲ್ಲಿ, ಅಪಾಯ ಕಂಡೊಡನೆ ರಿಯಾಕ್ಟರನ್ನು ನಿಲ್ಲಿಸುವ ಸುರಕ್ಷಾ ವ್ಯವಸ್ಥೆಯಲ್ಲಿ ಇಂದಿಗೂ ರಿಲೇಗಳೂ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು) ಸಾಫ್ಟ್‌ವೇರ್ ಇಲ್ಲದ ಅನಲಾಗ್ ಕಾರ್ಡುಗಳೂ ಇವೆ ಎಂದು ಓದಿದೆ. ಡಿಜಿಟಲ್ ಹೆಚ್ಚು ನಿಖರವಲ್ಲವೇ ಸರ್? ಹಿಂಜರಿಕೆ ಏಕೆ?

ಉತ್ತರ: ನಿಖರತೆಯ ಮಟ್ಟಿಗೆ ನಿಮ್ಮ ಮಾತು ಸರಿ. ಒತ್ತಡಮಾಪಕದಿಂದ ಬರುವ 4ರಿಂದ 20 ಮಿಲಿಆಂಪಿಯರ್ ಪ್ರವಾಹವನ್ನು ಅನಲಾಗ್ ಕಾರ್ಡು ನಿಗದಿತ ಮಿತಿಯೊಂದಿಗೆ ಹೋಲಿಸಿ, ಮಿತಿ ಮೀರಿದೊಡನೆ ರಿಲೇಯ ವಿದ್ಯುತ್ತನ್ನು ಕಡಿಯುತ್ತದೆ; ಅದೇ ಅಪಾಯದ ಸಂಕೇತ. ಬಿಡಿಭಾಗಗಳು ಹಳತಾದಂತೆ ಈ ಮಿತಿ ನಿಧಾನವಾಗಿ ಜರುಗುವುದರಿಂದ, ತಂತ್ರಜ್ಞರು ಕಾಲಕಾಲಕ್ಕೆ ಪರೀಕ್ಷಾ ಸಂಕೇತ ಕೊಟ್ಟು, ಕಾರ್ಡಿನ ಮೇಲಿನ ಪುಟ್ಟ ತಿರುಪನ್ನು ತುಸುತುಸುವೇ ತಿರುಗಿಸಿ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಡಿಜಿಟಲ್ ಸಂಸ್ಕಾರಕದಲ್ಲಿ (ಪ್ರೊಸೆಸರ್) ಈ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ. ತನ್ನೊಳಗಿನ ಅನೇಕ ದೋಷಗಳನ್ನು ಅದು ತಾನೇ ಪತ್ತೆಹಚ್ಚಬಲ್ಲದು. (ಮಾಪಕ ಮಾತ್ರ ಎರಡರಲ್ಲೂ ಅದೇ, ಅದನ್ನು ಕಾಲಕಾಲಕ್ಕೆ ಕ್ಯಾಲಿಬ್ರೇಷನ್ ಮಾಡುವ, ಅಂದರೆ ಸರಿಹೊಂದಿಸುವ, ಕೆಲಸ ಎರಡರಲ್ಲೂ ಇದ್ದೇ ಇರುತ್ತದೆ.)

ಹಿಂಜರಿಕೆಯ ಮೂಲ ಬೇರೆಡೆ ಇದೆ. ಸಾಮಾನ್ಯವಾಗಿ ನಾಲ್ಕು ಪ್ರತ್ಯೇಕ ಚಾನೆಲ್‌ಗಳಿದ್ದು (ಒಂದೊಂದೂ ತಾನೇ ಅಳೆದು ತೀರ್ಮಾನಿಸುವ ಸರಣಿ), ಅವುಗಳಲ್ಲಿ ಯಾವುದಾದರೂ ಎರಡು ಅಪಾಯವೆಂದು ಹೇಳಿದರೆ ರಿಯಾಕ್ಟರ್ ನಿಲ್ಲುತ್ತದೆ. ಒಂದು ಚಾನೆಲ್ ಕೆಟ್ಟು ಸುಳ್ಳು ಹೇಳಿದರೆ ಸ್ಥಾವರ ಸುಮ್ಮನೆ ನಿಲ್ಲುವುದಿಲ್ಲ, ಮೌನವಾದರೆ ರಕ್ಷಣೆಯೂ ತಪ್ಪುವುದಿಲ್ಲ. ಆದರೆ ಈ ಲೆಕ್ಕವೆಲ್ಲ ನಾಲ್ಕೂ ಒಟ್ಟಿಗೆ ಕೆಡುವುದಿಲ್ಲ ಎಂಬ ಎಣಿಕೆಯ ಮೇಲೆ ನಿಂತಿದೆ. ನಾಲ್ಕರಲ್ಲೂ ಒಂದೇ ಸಾಫ್ಟ್‌ವೇರ್ ಇದ್ದಾಗ, ಅದರಲ್ಲಿ ಅಡಗಿರುವ ತಪ್ಪು ಅಪರೂಪದ ಒಂದು ಸನ್ನಿವೇಶದಲ್ಲಿ ನಾಲ್ಕನ್ನೂ ಏಕಕಾಲಕ್ಕೆ ನಿಷ್ಕ್ರಿಯಗೊಳಿಸಬಹುದು. ಒಂದೇ ಉತ್ತರಪತ್ರಿಕೆಯನ್ನು ನಾಲ್ವರು ನಕಲು ಮಾಡಿದ್ದರೆ ಅವರ ಒಮ್ಮತಕ್ಕೆ ಬೆಲೆಯಿಲ್ಲ.

ಮರುಪ್ರಶ್ನೆ: ಹಾಗಿದ್ದರೂ ಡಿಜಿಟಲ್ ಸುರಕ್ಷಾ ವ್ಯವಸ್ಥೆಗಳಿಗೆ ಅನುಮತಿ ಸಿಕ್ಕಿದೆಯಲ್ಲವೇ?

ಉತ್ತರ: ಸಿಕ್ಕಿದೆ, ಆದರೆ ಸಲೀಸಾಗಿ ಅಲ್ಲ. ಕೆನಡಾದ ಡಾರ್ಲಿಂಗ್ಟನ್ ಸ್ಥಾವರದಲ್ಲಿ ರಿಯಾಕ್ಟರನ್ನು ನಿಲ್ಲಿಸುವ ಎರಡು ಸ್ವತಂತ್ರ ಸ್ಥಗಿತ ವ್ಯವಸ್ಥೆಗಳೂ ಗಣಕಾಧಾರಿತವಾಗಿದ್ದವು; ಒಂದು ನ್ಯೂಟ್ರಾನ್ ಹೀರುವ ದಂಡಗಳನ್ನು ಬೀಳಿಸಿದರೆ, ಇನ್ನೊಂದು ಅದೇ ಕೆಲಸ ಮಾಡುವ ಗ್ಯಾಡೊಲಿನಿಯಂ ದ್ರಾವಣವನ್ನು ಒಳನುಗ್ಗಿಸುತ್ತದೆ. ಸಾಫ್ಟ್‌ವೇರನ್ನು ಅದು ಪೂರೈಸಬೇಕಾದ ಅಗತ್ಯಗಳೊಂದಿಗೆ ಗಣಿತೀಯ ಕೋಷ್ಟಕಗಳ ಮೂಲಕ ತಾಳೆ ನೋಡುವವರೆಗೂ ಪರವಾನಗಿ ತಡವಾಯಿತು. 1995ರಲ್ಲಿ ಆರಂಭವಾದ ಇಂಗ್ಲೆಂಡಿನ ಸೈಜ್‌ವೆಲ್ ಬಿ ಸ್ಥಾವರದಲ್ಲಿ ಮುಖ್ಯ ರಕ್ಷಣೆ ಡಿಜಿಟಲ್, ಎರಡನೆಯದು ಗಣಕವೇ ಇಲ್ಲದ ಕಾಂತೀಯ ತರ್ಕ ಘಟಕಗಳದ್ದು. 2009ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಫಿನ್‌ಲೆಂಡಿನ ನಿಯಂತ್ರಕರು ಜಂಟಿ ಹೇಳಿಕೆ ನೀಡಿ, ಇಪಿಆರ್ ಎಂಬ ಹೊಸ ರಿಯಾಕ್ಟರ್ ವಿನ್ಯಾಸದಲ್ಲಿ ಸುರಕ್ಷಾ ವ್ಯವಸ್ಥೆಗೂ ದೈನಂದಿನ ನಿಯಂತ್ರಣ ವ್ಯವಸ್ಥೆಗೂ ಸಾಕಷ್ಟು ಅಂತರವಿಲ್ಲವೆಂದು ಆಕ್ಷೇಪಿಸಿದರು. ನನ್ನ ಅಭಿಪ್ರಾಯದಲ್ಲಿ ಹೊಸ ಸ್ಥಾವರಕ್ಕೆ ಡಿಜಿಟಲ್ಲೇ ಸೂಕ್ತ, ಆದರೆ ಅದರ ಬೆನ್ನಿಗೆ ಬೇರೆ ತತ್ತ್ವದ, ಸರಳವಾದ ಇನ್ನೊಂದು ವ್ಯವಸ್ಥೆ ಇರಲೇಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸೈಬರ್ ದಾಳಿಯ ಭಯವೂ ಇದೆಯೇ?

ಉತ್ತರ: ಇದೆ. 2003ರ ಜನವರಿಯಲ್ಲಿ ಅಮೆರಿಕದ ಡೇವಿಸ್-ಬೆಸ್ಸಿ ಸ್ಥಾವರದ ಜಾಲಕ್ಕೆ ಸ್ಲ್ಯಾಮರ್ ಎಂಬ ಗಣಕ ಹುಳು (ಜಾಲದಲ್ಲಿ ತಾನೇ ಹರಡುವ ಕುತಂತ್ರಾಂಶ) ನುಗ್ಗಿ, ಸುರಕ್ಷಾ ಮಾಹಿತಿಯ ಪರದೆ ಸುಮಾರು 5 ತಾಸು ಸ್ತಬ್ಧವಾಯಿತು. ರಿಯಾಕ್ಟರ್ ಆಗ ನಿಂತಿತ್ತು, ಅನಲಾಗ್ ಸೂಚಕಗಳಿಗೆ ಏನೂ ಆಗಲಿಲ್ಲ. ಆದ್ದರಿಂದಲೇ ರಕ್ಷಣಾ ವ್ಯವಸ್ಥೆಯಿಂದ ಮಾಹಿತಿ ಹೊರಬರಬಹುದೇ ಹೊರತು ಹೊರಗಿನ ಜಾಲದಿಂದ ಏನೂ ಒಳಹೋಗದಂತೆ ಸಂಪರ್ಕವನ್ನು ಏಕಮುಖವಾಗಿ ಕಟ್ಟಲಾಗುತ್ತದೆ.