ಅಪ್‌ಡೇಟ್: ಆ ಹಳೇ ಬೆಂಜ್ ಕನ್ವರ್ಟಿಬಲ್ ವಿಚಾರ

ಸ್ಟುಟ್‌ಗಾರ್ಟ್ ಹತ್ತಿರ ಮಾರಾಟಕ್ಕಿದ್ದ, ರಿಸ್ಟೋರ್ ಮಾಡಿದ 1971ರ ಮರ್ಸಿಡಿಸ್ 280 ಎಸ್‌ಇ 3.5 ಕ್ಯಾಬ್ರಿಯೊಲೆಗೆ (ಟಾಪ್ ಮಡಚುವ ಕನ್ವರ್ಟಿಬಲ್) ಹೇಳಿದ ಬೆಲೆ ಸರಿನಾ ಅಂತ ಕೇಳಿದ್ದೆ ಅಲ್ವಾ? ಹೋಗಿ ನೋಡಿ ಬಂದೆ. ಬಣ್ಣ, ಲೆದರ್, ಮರದ ಡ್ಯಾಶ್‌ಬೋರ್ಡ್ ಎಲ್ಲಾ ಫಳಫಳ. ನೀವು ಹೇಳಿದಂತೆ ಮೊದಲು ಚಾಸಿ ನಂಬರ್ ನೋಡಿದೆ. ಅಸಲಿ ಕ್ಯಾಬ್ರಿಯೊಲೆ ಆಗಿದ್ದರೆ 111027 ಅಂತ ಶುರುವಾಗಬೇಕಿತ್ತು, ಇದರಲ್ಲಿ 111026 ಇತ್ತು. ಅಂದ್ರೆ ಕಾರ್ಖಾನೆಯಿಂದ ಹೊರಬಂದಾಗ ಇದು ಕೂಪೆ, ಅಂದ್ರೆ ಗಟ್ಟಿ ಟಾಪ್ ಇರುವ ಎರಡು ಬಾಗಿಲಿನ ಕಾರು! ಆಮೇಲೆ ಯಾರೋ ಟಾಪ್ ಕತ್ತರಿಸಿದ್ದಾರೆ. ಅಸಲಿ 3.5 ಕ್ಯಾಬ್ರಿಯೊಲೆ ತಯಾರಾಗಿದ್ದೇ 1,232. ಅದಕ್ಕೇ ಕೂಪೆಗಿಂತ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಕಾರ್ಖಾನೆಯಿಂದ ಬಂದಾಗಿನ ವಿವರ ಇರುವ ಡೇಟಾ ಕಾರ್ಡ್ ಕೇಳಿದರೆ ಕಳೆದುಹೋಗಿದೆ ಅಂದರು. ಬಿಲ್‌ಗಳ ಫೈಲ್ ಮಾತ್ರ ದಪ್ಪಗಿತ್ತು, ಹೆಚ್ಚಿನವು ಬರೀ ಪೇಂಟಿನವು. ಕತ್ತರಿಸಿದ ಬಾಡಿಯ ತಳ ಎಷ್ಟು ಗಟ್ಟಿಯೋ ಅನ್ನೋ ಅನುಮಾನ ಬೇರೆ. ಕೂಪೆ ರೇಟಿಗೆ ಕೊಟ್ಟರೂ ಬೇಡ ಅಂತ ಹೇಳಿ ಬಂದೆ.