ಎಸ್‌ಎಸ್‌ಸಿ ಪರೀಕ್ಷೆಗೆ ಇಂಗ್ಲಿಷ್ ಈಡಿಯಂಗಳು: ಪಟ್ಟಿಯನ್ನು ಉರು ಹೊಡೆದರೆ ಸಾಕೇ?

ಪ್ರಶ್ನೆ: ಹಾವೇರಿಯ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಕೇಂದ್ರ ಸರ್ಕಾರದ ನೌಕರಿಗಳಿಗಾಗಿ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಗಣಿತ ಮತ್ತು ರೀಸನಿಂಗ್ ವಿಭಾಗಗಳಲ್ಲಿ ಅಂಥ ತೊಂದರೆಯಿಲ್ಲ. ಇಂಗ್ಲಿಷಿನಲ್ಲಿಯೂ ವ್ಯಾಕರಣದ ಪ್ರಶ್ನೆಗಳನ್ನು ನಿಯಮ ಹಿಡಿದು ಬಿಡಿಸಬಲ್ಲೆ. ಆದರೆ ಈಡಿಯಂಗಳಿಗೆ, ಅಂದರೆ ನುಡಿಗಟ್ಟುಗಳಿಗೆ, ಬಂದ ಕೂಡಲೇ ದಿಕ್ಕು ತೋಚದಂತಾಗುತ್ತದೆ. ಕೋಚಿಂಗ್ ಕೇಂದ್ರದವರು ಕೊಟ್ಟ ಪಿಡಿಎಫ್‌ನಲ್ಲಿ ಎ ಇಂದ ಜೆಡ್ ವರೆಗೆ ನೂರಾರು ಈಡಿಯಂಗಳೂ ಅವುಗಳ ಎದುರಿಗೆ ಒಂದೊಂದು ಸಾಲಿನ ಅರ್ಥವೂ ಇವೆ. 'ಕ್ಯಾರಿ ದ ಡೇ' ಎಂದರೆ ಗೆಲ್ಲುವುದು, 'ಕಾಲ್ ಇಟ್ ಎ ಡೇ' ಎಂದರೆ ಅಂದಿನ ಕೆಲಸವನ್ನು ಅಲ್ಲಿಗೆ ನಿಲ್ಲಿಸುವುದು ಎಂದು ಬಾಯಿಪಾಠ ಮಾಡಿಕೊಂಡರೂ ನಾಲ್ಕು ಆಯ್ಕೆಗಳು ಕಣ್ಣೆದುರು ಬಂದಾಗ ಎಲ್ಲವೂ ಕಲಸುಮೇಲೋಗರವಾಗುತ್ತದೆ. ಪಟ್ಟಿಯನ್ನೇ ಮತ್ತೆ ಮತ್ತೆ ಓದಬೇಕೇ, ಬೇರೆ ದಾರಿಯಿದೆಯೇ? ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಸರಿಯೇ? ಗೊತ್ತಿಲ್ಲದ ಪ್ರಶ್ನೆಗೆ ಊಹೆಯಿಂದ ಉತ್ತರಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಧಾರವಾಡ

ಅಕ್ಷರಾನುಕ್ರಮದ ಪಟ್ಟಿ ಹುಡುಕುವುದಕ್ಕೆ ಅನುಕೂಲವೇ ಹೊರತು ನೆನಪಿಡುವುದಕ್ಕಲ್ಲ. ಅಕ್ಕಪಕ್ಕದ ಎರಡು ಈಡಿಯಂಗಳಿಗೆ ಮೊದಲ ಅಕ್ಷರವೊಂದನ್ನು ಬಿಟ್ಟರೆ ಬೇರೆ ನಂಟಿಲ್ಲದಿರುವಾಗ ಒಂದು ಇನ್ನೊಂದನ್ನು ನೆನಪಿಗೆ ತರುವುದಾದರೂ ಹೇಗೆ? ಆ ಪಟ್ಟಿಯನ್ನು ಒಡೆದು, ಈಡಿಯಂಗಳು ಯಾವ ಕಸುಬಿನಿಂದ, ಯಾವ ಆಟದಿಂದ, ಯಾವ ಕಥೆಯಿಂದ ಬಂದವೋ ಆ ಪ್ರಕಾರ ಮತ್ತೆ ಗುಂಪು ಮಾಡಿಕೊಳ್ಳಿ.

ಬ್ರಿಟನ್ ದ್ವೀಪರಾಷ್ಟ್ರವಾದ್ದರಿಂದ ಹಾಯಿಹಡಗಿನ ಮಾತುಗಳು ಇಂಗ್ಲಿಷಿನಲ್ಲಿ ತುಂಬಿಹೋಗಿವೆ. ಹೊಸ ನಾವಿಕನು ಮೊದಲು ಕಲಿಯಬೇಕಾಗಿದ್ದುದು ಯಾವ ಹಗ್ಗ ಎಳೆದರೆ ಯಾವ ಹಾಯಿ ಏರುತ್ತದೆ ಎಂಬುದನ್ನು. ಆದ್ದರಿಂದ 'ಲರ್ನ್ ದ ರೋಪ್ಸ್' ಎಂದರೆ ಕೆಲಸದ ಒಳಹೊರಗನ್ನು ಕಲಿಯುವುದು. ಗಾಳಿ ದಿಢೀರನೆ ಎದುರಿನಿಂದ ಬೀಸಿ, ಹಾಯಿಗಳು ಹಿಂದಕ್ಕೆ ಒತ್ತಿಕೊಂಡು ಹಡಗು ತಡೆದು ನಿಲ್ಲುತ್ತಿದ್ದುದೇ 'ಟೇಕನ್ ಅಬ್ಯಾಕ್'. ಇಂದು ಅದಕ್ಕೆ ತಬ್ಬಿಬ್ಬಾಗುವುದು ಎಂದರ್ಥ. 'ಷೋ ಒನ್ಸ್ ಟ್ರೂ ಕಲರ್ಸ್' (ತನ್ನ ನಿಜಸ್ವರೂಪ ತೋರುವುದು) ಎಂಬಲ್ಲಿನ ಕಲರ್ಸ್ ಬಣ್ಣವಲ್ಲ, ಹಡಗಿನ ಧ್ವಜ. ಕ್ರಿಕೆಟ್ಟಿನಿಂದ ಬಂದವು ನಿಮಗೆ ಇನ್ನೂ ಸುಲಭ. ಪಿಚ್ಚಿಗೆ ಹೊದಿಕೆ ಹಾಕದಿದ್ದ ಕಾಲದಲ್ಲಿ ಮಳೆ ಬಿದ್ದು, ಮೇಲೆ ಬಿಸಿಲು ಕಾದು ಒಣಗುತ್ತಿರುವ ಅಂಗಳದಲ್ಲಿ ಚೆಂಡು ಹೇಗೆ ಪುಟಿಯುತ್ತದೆಂದು ಹೇಳುವಂತಿರಲಿಲ್ಲ. ಬ್ಯಾಟ್ಸ್‌ಮನ್ನನ ಆ ಇಕ್ಕಟ್ಟೇ 'ಸ್ಟಿಕಿ ವಿಕೆಟ್'. ಬಾಕ್ಸಿಂಗಿನಿಂದ 'ಥ್ರೋ ಇನ್ ದ ಟವೆಲ್', ಅಂದರೆ ಸೋಲೊಪ್ಪುವುದು. ಕುದುರೆ ಪಂದ್ಯದಿಂದ 'ವಿನ್ ಹ್ಯಾಂಡ್ಸ್ ಡೌನ್', ಅಂದರೆ ಗೆಲುವು ಖಚಿತವೆಂದು ಸವಾರನು ಲಗಾಮು ಸಡಿಲಿಸುವಷ್ಟು ಸಲೀಸಾಗಿ ಗೆಲ್ಲುವುದು.

ಇತಿಹಾಸದವುಗಳನ್ನು ನೀವು ಸಾಮಾನ್ಯ ಜ್ಞಾನಕ್ಕಾಗಿ ಹೇಗೂ ಓದುತ್ತೀರಿ. ಕ್ರಿ.ಪೂ. 49ರಲ್ಲಿ ಸೀಸರ್ ಸೈನ್ಯಸಮೇತ ರೂಬಿಕನ್ ಹೊಳೆ ದಾಟಿದ್ದರಿಂದ ಮರಳಲಾಗದ ಹೆಜ್ಜೆಗೆ 'ಕ್ರಾಸ್ ದ ರೂಬಿಕನ್' ಎನ್ನುತ್ತಾರೆ, ಕ್ರಿ.ಪೂ. 279ರಲ್ಲಿ ಪಿರಸ್ ದೊರೆ ರೋಮನ್ನರನ್ನು ಸೋಲಿಸಿದರೂ ತನ್ನ ಸೈನ್ಯಕ್ಕೆ ಭಾರೀ ನಷ್ಟವಾದದ್ದರಿಂದ ಸೋಲಿಗೆ ಸಮನಾದ ಗೆಲುವು 'ಪಿರಿಕ್ ವಿಕ್ಟರಿ' ಆಯಿತು.

ಇವೆಲ್ಲಕ್ಕಿಂತ ಉಪಯುಕ್ತವಾದುದು 'ಹಾಬ್ಸನ್ಸ್ ಚಾಯ್ಸ್'. ಕೇಂಬ್ರಿಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದ, 1631ರಲ್ಲಿ ತೀರಿಕೊಂಡ ಥಾಮಸ್ ಹಾಬ್ಸನ್ ಎಂಬಾತ, ಒಳ್ಳೆಯ ಕುದುರೆಗಳನ್ನೇ ಎಲ್ಲರೂ ಕೇಳಿ ಅವು ದಣಿಯಬಾರದೆಂದು, ಲಾಯದ ಬಾಗಿಲ ಬಳಿ ನಿಂತದ್ದನ್ನೇ ಒಯ್ಯಬೇಕು, ಇಲ್ಲವಾದರೆ ಬಿಡಬೇಕು ಎಂದು ಕಟ್ಟುಮಾಡಿದ್ದನಂತೆ. ಕಥೆ ತಿಳಿಯದವರು 'ಎರಡರ ನಡುವಿನ ಕಠಿಣ ಆಯ್ಕೆ' ಎಂಬುದನ್ನು ಗುರುತು ಹಾಕುತ್ತಾರೆ, ಏಕೆಂದರೆ ಚಾಯ್ಸ್ ಎಂಬ ಪದ ಅತ್ತಲೇ ಎಳೆಯುತ್ತದೆ. ಸರಿಯುತ್ತರ 'ಆಯ್ಕೆಯೇ ಇಲ್ಲದಿರುವುದು'. ಪ್ರಶ್ನೆ ತೆಗೆಯುವವರು ಪದಶಃ ಅರ್ಥವನ್ನೋ ಅದರ ನೆರೆಯ ಅರ್ಥವನ್ನೋ ಒಂದು ಆಯ್ಕೆಯಾಗಿ ಇಟ್ಟೇ ಇಡುತ್ತಾರೆ.

ಉತ್ತರ: ಸಿಜಿಎಲ್ ಬರೆದು ನೌಕರಿಯಲ್ಲಿರುವವನು, ಬೆಂಗಳೂರು

ಮೇಷ್ಟರ ಮಾತಿಗೆ ಗೌರವ ಇಟ್ಟುಕೊಂಡೇ ನನ್ನದೊಂದು ತಕರಾರು. ಕಥೆಗಳ ಬೆನ್ನು ಹತ್ತಿದರೆ ಸಮಯ ಸೋರಿಹೋಗುತ್ತದೆ. ಅಂತರಜಾಲದಲ್ಲಿ ಹರಿದಾಡುವ ಕಥೆಗಳಲ್ಲಿ ಕಟ್ಟುಕತೆಗಳೂ ಸಾಕಷ್ಟಿವೆ. 'ಸೇವ್ಡ್ ಬೈ ದ ಬೆಲ್' (ಕೊನೆಯ ಗಳಿಗೆಯಲ್ಲಿ ಪಾರಾಗುವುದು) ಎಂಬುದು ಜೀವಂತ ಹೂತವರು ಶವಪೆಟ್ಟಿಗೆಯೊಳಗಿಂದ ಗಂಟೆ ಬಾರಿಸಿದ್ದರಿಂದ ಬಂತೆಂದು ವಾಟ್ಸ್‌ಆ್ಯಪ್ ಪಂಡಿತರು ಬರೆಯುತ್ತಾರೆ, ಆದರೆ ಅದು ಬಂದದ್ದು ಬಾಕ್ಸಿಂಗ್ ಸುತ್ತಿನ ಮುಕ್ತಾಯದ ಗಂಟೆಯಿಂದ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' (ಧಾರಾಕಾರ ಮಳೆ) ಎಂಬುದಕ್ಕೆ ಹುಲ್ಲಿನ ಮಾಡಿನಿಂದ ಬೆಕ್ಕು ನಾಯಿಗಳು ಜಾರಿ ಬೀಳುತ್ತಿದ್ದವೆಂಬ ವಿವರಣೆಯೂ ಅದೇ ಜಾತಿಯದು.

ನನ್ನ ಸಲಹೆಯೆಂದರೆ ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ಆರಂಭಿಸಿ. ಮೊದಲ ಹಂತದ ಪರೀಕ್ಷೆ ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುವುದರಿಂದ ಒಂದೇ ವರ್ಷದಲ್ಲಿ ಬೇಕಾದಷ್ಟು ಪತ್ರಿಕೆಗಳು ಸಿಗುತ್ತವೆ, ಮತ್ತು ಈಡಿಯಂಗಳು ಅವುಗಳಲ್ಲಿ ಮರುಕಳಿಸುತ್ತಲೇ ಇರುತ್ತವೆ. ನಿಮಗಾಗುತ್ತಿರುವ ಗೊಂದಲಕ್ಕೆ ಮದ್ದು ಬೇಕಾದರೆ ಒಂದೇ ಪದ ಹೊತ್ತವುಗಳನ್ನು ಎದುರುಬದುರು ಇಟ್ಟು ನೋಡಿ. ಬಿ.ಕಾಂ. ಓದಿದವರಿಗೆ ಬುಕ್ ಎಂಬ ಪದವೇ ಸಾಕು: 'ಬ್ರಿಂಗ್ ಟು ಬುಕ್' ಎಂದರೆ ತಪ್ಪಿತಸ್ಥನನ್ನು ಶಿಕ್ಷೆಗೆ ಗುರಿಪಡಿಸುವುದು, 'ಗೋ ಬೈ ದ ಬುಕ್' ಎಂದರೆ ನಿಯಮ ಬಿಟ್ಟು ಕದಲದಿರುವುದು, 'ಕುಕ್ ದ ಬುಕ್ಸ್' ಎಂದರೆ ಲೆಕ್ಕಪತ್ರ ತಿರುಚುವುದು, 'ಇನ್ ಸಮ್‌ಒನ್ಸ್ ಗುಡ್ ಬುಕ್ಸ್' ಎಂದರೆ ಒಬ್ಬರ ಕೃಪೆಗೆ ಪಾತ್ರರಾಗಿರುವುದು. ಈ ನಾಲ್ಕನ್ನೂ ಸೇರಿಸಿ ನಿಮ್ಮದೇ ಆಫೀಸಿನ ಕಥೆಯೊಂದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಬರೆಯುವಾಗ ಚಿಕ್ಕ ಪದಗಳ ಮೇಲೂ ಕಣ್ಣಿರಲಿ. 'ನೆಕ್ ಅಂಡ್ ನೆಕ್' (ಸಮಬಲದ ಪೈಪೋಟಿ) ಎಂಬುದನ್ನು 'ನೆಕ್ ಟು ನೆಕ್' ಎಂದು ಬರೆದಿದ್ದರೆ ಅದು ತಪ್ಪು ಹುಡುಕುವ ಪ್ರಶ್ನೆಯಾಗಬಹುದು.

ಊಹೆಯ ವಿಚಾರ ಬರಿಯ ಲೆಕ್ಕ. ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆಗಳಿಗೆ ತಲಾ 2 ಅಂಕ, ತಪ್ಪಿಗೆ 0.50 ಕಡಿತ. ಏನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿಯಂತೆ ಒಂದು ಸರಿಯಾದರೆ 2 ಅಂಕ ಬಂದು 1.50 ಹೋಗುತ್ತದೆ, ಅರ್ಧ ಅಂಕ ಉಳಿಯುತ್ತದೆ. ಎರಡನೆಯ ಹಂತದಲ್ಲಿ 45 ಪ್ರಶ್ನೆಗಳಿಗೆ ತಲಾ 3 ಅಂಕ, ತಪ್ಪಿಗೆ 1 ಕಡಿತ. ಅಲ್ಲಿ ಅದೇ ಊಹೆಯಿಂದ ಬಂದದ್ದೆಲ್ಲ ಹೋಗಿ ಸೊನ್ನೆಯಾಗುತ್ತದೆ. ಆದರೆ ಪದಶಃ ಅರ್ಥದ ಆಯ್ಕೆಯನ್ನೂ ವಾಕ್ಯಕ್ಕೆ ಹೊಂದದ ಇನ್ನೊಂದನ್ನೂ ತೆಗೆದುಹಾಕಿ ಎರಡಕ್ಕೆ ಇಳಿಸಿಕೊಂಡರೆ, ಅಂಥ ನಾಲ್ಕು ಪ್ರಶ್ನೆಗಳಿಂದ ಸರಾಸರಿ 4 ಅಂಕ ದಕ್ಕುತ್ತದೆ. ಅಂಥಲ್ಲಿ ಹೆದರಬೇಡಿ.

ಉತ್ತರ: ಅನುವಾದದ ಕೆಲಸ ಮಾಡುವವಳು, ಮೈಸೂರು

ಕನ್ನಡದಲ್ಲಿ ಅರ್ಥ ಬರೆದುಕೊಳ್ಳುವುದು ಸರಿಯೇ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ. ಖಂಡಿತ ಬರೆದುಕೊಳ್ಳಿ, ಆದರೆ ಅರ್ಥವಿವರಣೆಗೆ ಬದಲಾಗಿ ನಮ್ಮಲ್ಲೇ ಇರುವ ನುಡಿಗಟ್ಟನ್ನು ಬರೆದುಕೊಳ್ಳಿ. 'ಗ್ರೀಸ್ ಸಮ್‌ಒನ್ಸ್ ಪಾಮ್' ಎಂಬುದಕ್ಕೆ ಕೈ ಬೆಚ್ಚಗೆ ಮಾಡುವುದು, 'ಆ್ಯಡ್ ಫ್ಯೂಯೆಲ್ ಟು ದ ಫೈರ್' ಎಂಬುದಕ್ಕೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು, 'ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್' ಎಂಬುದಕ್ಕೆ ಕಡ್ಡಿಯನ್ನು ಗುಡ್ಡ ಮಾಡುವುದು. ಹೀಗೆ ಹೊಂದಿದವು ಒಮ್ಮೆ ಬರೆದರೆ ಸಾಕು, ಮತ್ತೆ ಓದುವ ಅಗತ್ಯವೇ ಬೀಳುವುದಿಲ್ಲ.

ಎಚ್ಚರ ಬೇಕಾದದ್ದು ಮೇಲ್ನೋಟಕ್ಕೆ ಹೊಂದುವಂತೆ ಕಂಡು ಬೇರೆಡೆಗೆ ಒಯ್ಯುವವುಗಳಲ್ಲಿ. 'ಲೆಂಡ್ ಎ ಹ್ಯಾಂಡ್' ಎಂದರೆ ನೆರವಾಗುವುದು, ನಮ್ಮಲ್ಲಿ ಒಬ್ಬ ಕೈ ಕೊಟ್ಟ ಎಂದರೆ ನಂಬಿಸಿ ಮೋಸ ಮಾಡಿದ ಎಂದೇ ಅರ್ಥ. 'ಷಟ್ ಒನ್ಸ್ ಐಸ್ ಟು' ಎಂದರೆ ಕಂಡೂ ಕಾಣದಂತಿರುವುದು. ಕನ್ನಡದಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿದರು ಎಂದರೆ ಮನೆಯಲ್ಲಿ ಸೂತಕ. ಇಂಥವನ್ನು ಕೆಂಪು ಶಾಯಿಯಲ್ಲಿ ಪ್ರತ್ಯೇಕ ಹಾಳೆಗೆ ಇಳಿಸಿ, ಅವುಗಳಿಗೆ ಮಾತ್ರ ಇಂಗ್ಲಿಷಿನದೇ ಅರ್ಥ ಮತ್ತು ಒಂದು ವಾಕ್ಯ ಬರೆದಿಟ್ಟುಕೊಳ್ಳಿ.

ಹಾವೇರಿಯ ಅಭ್ಯರ್ಥಿ

ಮೂವರಿಗೂ ಧನ್ಯವಾದಗಳು. ಮೇಡಂ ಹೇಳಿದಂತೆ ಎರಡು ಹಾಳೆ ಮಾಡಲು ಕುಳಿತಾಗಲೇ ಒಂದು ಸಂಶಯ ಬಂತು. ನನ್ನ ಪಿಡಿಎಫ್‌ನಲ್ಲಿ 'ಡೆವಿಲ್ಸ್ ಅಡ್ವೊಕೇಟ್' ಎಂದರೆ 'ಕೆಟ್ಟವರ ಪರ ವಾದಿಸುವವನು' ಎಂದಿದೆ, ಅಣಕು ಪರೀಕ್ಷೆಯೊಂದರಲ್ಲಿ ಬೇರೆಯೇ ಉತ್ತರ ಕೊಟ್ಟಿದ್ದಾರೆ. ಯಾವುದನ್ನು ನಂಬಬೇಕು?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಧಾರವಾಡ

ಪಿಡಿಎಫ್ ತಪ್ಪು. ಕಥೆಗಳು ಬೇಡವೆಂದ ಬೆಂಗಳೂರಿನ ಮಿತ್ರರು ಕ್ಷಮಿಸಬೇಕು, ಇಲ್ಲಿ ಕಥೆಯಿಲ್ಲದೆ ಬಗೆಹರಿಯುವುದಿಲ್ಲ. ಕ್ಯಾಥೊಲಿಕ್ ಚರ್ಚ್ ಒಬ್ಬರನ್ನು ಸಂತರೆಂದು ಸಾರುವ ಮೊದಲು, ಅವರ ಪವಾಡಗಳನ್ನೂ ನಡತೆಯನ್ನೂ ಪ್ರಶ್ನಿಸಿ ವಿರುದ್ಧ ವಾದಿಸುವುದಕ್ಕೆಂದೇ ಚರ್ಚಿನವನೇ ಆದ ಅಧಿಕಾರಿಯನ್ನು ನೇಮಿಸುತ್ತಿತ್ತು; 1587ರಲ್ಲಿ ಅಧಿಕೃತವಾಗಿ ಸ್ಥಾಪನೆಯಾದ ಆ ಹುದ್ದೆಯ ಸ್ವರೂಪವನ್ನು 1983ರ ಸುಧಾರಣೆ ಬದಲಿಸಿತು. ಅವನಿಗೆ ಸಂತರ ಮೇಲೆ ದ್ವೇಷವಿರಲಿಲ್ಲ, ಸಾಕ್ಷ್ಯ ಗಟ್ಟಿಯಾಗಿದೆಯೇ ಎಂದು ಒರೆಗೆ ಹಚ್ಚುವುದು ಅವನ ಕೆಲಸವಾಗಿತ್ತು. ಹಾಗಾಗಿ ಸರಿಯಾದ ಅರ್ಥ, ಚರ್ಚೆಯನ್ನು ಪರೀಕ್ಷಿಸುವ ಸಲುವಾಗಿ ಬೇಕೆಂದೇ ಎದುರು ಪಕ್ಷ ವಹಿಸುವವನು. ನಿಮ್ಮ ಎರಡು ಮೂಲಗಳು ಜಗಳವಾಡಿದಾಗಲೆಲ್ಲ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ನಿಘಂಟಿನ ಉಚಿತ ಜಾಲತಾಣ ತೆರೆದು ಅಲ್ಲಿನ ಉದಾಹರಣಾ ವಾಕ್ಯವನ್ನೂ ನಕಲು ಮಾಡಿಕೊಳ್ಳಿ. ಆ ಪಿಡಿಎಫ್‌ನ ಉಳಿದ ಅರ್ಥಗಳನ್ನೂ ಹಾಳೆಗೆ ಇಳಿಸುವ ಮೊದಲು ನಿಘಂಟಿನಲ್ಲಿ ಒಮ್ಮೆ ಪರಿಶೀಲಿಸುವುದು ಒಳ್ಳೆಯದು.