ಹೊಟ್ಟೆ ಸಿಟಿ: ಡೋಸ್ ಇಳಿಸಿದರೆ ಲಿವರ್ ಮರಳುಮರಳಾಗಿ ಕಾಣುತ್ತಿದೆ

ಪ್ರಶ್ನೆ
ದೊಡ್ಡವರ ಹೊಟ್ಟೆಯ ಸಿಟಿ ಸ್ಕ್ಯಾನ್, ಪೋರ್ಟಲ್ ಫೇಸ್ (ಕಾಂಟ್ರಾಸ್ಟ್ ಔಷಧ ಲಿವರ್‌ನ ಪೋರ್ಟಲ್ ರಕ್ತನಾಳ ತುಂಬಿರುವ ಹೊತ್ತಿನ ಸ್ಕ್ಯಾನ್), 120 ಕೆವಿ (ಎಕ್ಸ್-ರೇ ಟ್ಯೂಬ್‌ನ ವೋಲ್ಟೇಜ್), ಆಟೋ ಎಂಎ (ಟ್ಯೂಬ್‌ನ ಕರೆಂಟನ್ನು ಯಂತ್ರವೇ ಹೊಂದಿಸುವುದು), ನಾಯ್ಸ್ ಇಂಡೆಕ್ಸ್ (ಚಿತ್ರದಲ್ಲಿ ಎಷ್ಟು ಮರಳು, ಅಂದರೆ ನಾಯ್ಸ್, ಇರಬಹುದೆಂಬ ಗುರಿ) 12. ಸಾಧಾರಣ ಮೈಕಟ್ಟಿನವರಿಗೆ ಸಿಟಿಡಿಐ (ಯಂತ್ರ ತೋರಿಸುವ ವಿಕಿರಣದ ಡೋಸ್) 14 ಮಿಲಿಗ್ರೇ ಆಸುಪಾಸು ಬರುತ್ತಿದ್ದದ್ದು ಈಗ 25 ದಾಟುತ್ತಿದೆ. ಬದಲಾದದ್ದು ಒಂದೇ: ಕೊರೋನಲ್ (ಮುಂದಿನಿಂದ ನೋಡಿದಂತಿರುವ ಚಿತ್ರ) ಚೆನ್ನಾಗಿ ಬರಲೆಂದು ಮೊದಲ ರೀಕನ್ (ಕಚ್ಚಾ ಡೇಟಾದಿಂದ ಕಟ್ಟುವ ಚಿತ್ರಗಳ ಸರಣಿ) ಸ್ಲೈಸ್ ದಪ್ಪವನ್ನು 5 ಮಿಮೀ ಬದಲು 1.25 ಮಿಮೀ ಮಾಡಿದ್ದು. ಎಂಎ ಕೈಯಾರೆ ಇಳಿಸಿದರೆ ಲಿವರ್ ಮರಳುಮರಳು. ಇಟರೇಟಿವ್ (ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನಾಯ್ಸ್ ಇಳಿಸುವ ವಿಧಾನ) ಪ್ರಮಾಣ ಏರಿಸಿದರೆ ಸಾಕೇ?

ಉತ್ತರ 1
ತಪ್ಪು ಆ ರೀಕನ್‌ನಲ್ಲೇ ಇದೆ. ನಾಯ್ಸ್ ಇಂಡೆಕ್ಸ್ ಇರುವ ಯಂತ್ರ ಎಂಎ ಲೆಕ್ಕ ಹಾಕುವುದು ಮೊದಲ ರೀಕನ್‌ನ ದಪ್ಪದ ಮೇಲೆ. ಸ್ಲೈಸ್ ನಾಲ್ಕರಲ್ಲೊಂದು ಪಾಲಾದರೆ ನಾಯ್ಸ್ ಎರಡು ಪಟ್ಟು. ಅದನ್ನು ಮತ್ತೆ 12ಕ್ಕೆ ತರಲು ಡೋಸ್ ನಾಲ್ಕು ಪಟ್ಟು ಬೇಕು. ನಿಮಗೆ ಅಷ್ಟು ಏರದಿರುವುದು ಗರಿಷ್ಠ ಎಂಎ ಮಿತಿ ತಡೆದದ್ದರಿಂದ ಇರಬೇಕು. ಮೊದಲ ರೀಕನ್ 5 ಮಿಮೀಗೇ ಮರಳಿಸಿ, 1.25 ಅನ್ನು ಎರಡನೆಯದಾಗಿ ಸೇರಿಸಿ. ಅದೇ ಕಚ್ಚಾ ಡೇಟಾ ಆದ್ದರಿಂದ ಕೊರೋನಲ್‌ಗೆ ಏನೂ ನಷ್ಟವಿಲ್ಲ.

ಉತ್ತರ 2
ಮೇಲಿನದು ಸರಿ. ಜೊತೆಗೆ ಟೇಬಲ್ ಎತ್ತರವನ್ನೂ ನೋಡಿ. ಟ್ಯೂಬ್ ಕೆಳಗಿಟ್ಟು ಸ್ಕೌಟ್ (ಸ್ಕ್ಯಾನ್‌ಗೆ ಮುಂಚಿನ ಅಳತೆಯ ಚಿತ್ರ) ತೆಗೆಯುವಾಗ ಟೇಬಲ್ ತಗ್ಗಿದ್ದರೆ ರೋಗಿ ಟ್ಯೂಬ್‌ಗೆ ಹತ್ತಿರವಾಗಿ ಸ್ಕೌಟ್‌ನಲ್ಲಿ ದಪ್ಪ ಕಾಣುತ್ತಾರೆ, ಯಂತ್ರ ಅದನ್ನೇ ನಂಬಿ ಎಂಎ ಏರಿಸುತ್ತದೆ. ಟೇಬಲ್ ಎತ್ತರವಾದರೆ ಎಂಎ ಕುಸಿದು ನಾಯ್ಸ್ ಏರುತ್ತದೆ. ಲೇಸರ್ ಗೆರೆ ಹೊಟ್ಟೆಯ ದಪ್ಪದ ನಟ್ಟನಡುವೆ ಹಾಯಬೇಕು. ಲ್ಯಾಟರಲ್ (ಪಕ್ಕದಿಂದ ತೆಗೆದ) ಸ್ಕೌಟ್‌ನಲ್ಲಿ ಖಚಿತಪಡಿಸಿಕೊಳ್ಳಿ.

ಇಟರೇಟಿವ್ ಅನ್ನು ತುದಿಗೆ ಒಯ್ಯಬೇಡಿ. ನಾಯ್ಸ್ ಅಂಕಿ ಚೆಂದ ಇಳಿಯುತ್ತದೆ, ಆದರೆ ಲಿವರ್ ಮೇಣ ಹಚ್ಚಿದಂತಾಗಿ, ಸುತ್ತಲಿನ ಅಂಗಾಂಶಕ್ಕಿಂತ ತುಸುವೇ ಭಿನ್ನವಾದ ಸಣ್ಣ ರೋಗದ ಕಲೆ ಅಲ್ಲೇ ಕರಗಿಹೋಗುತ್ತದೆ. ಮಧ್ಯಮ ಮಟ್ಟ ಸಾಕು.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. 100 ಕೆವಿಗೆ ಇಳಿಯಬಹುದೇ? ಪಿಚ್ (ಟ್ಯೂಬ್ ಒಂದು ಸುತ್ತು ಬರುವಾಗ, ಕಿರಣದ ಅಗಲಕ್ಕೆ ಹೋಲಿಸಿದರೆ ಟೇಬಲ್ ಸರಿಯುವ ದೂರ) ಹೆಚ್ಚಿಸಿದರೆ?

ಉತ್ತರ 3
ಕಾಂಟ್ರಾಸ್ಟ್ ಕೊಟ್ಟ, ತೀರಾ ದಪ್ಪವಿರದ ರೋಗಿಗೆ 100 ಕೆವಿ ಒಳ್ಳೆಯದೇ. ಕಾಂಟ್ರಾಸ್ಟ್‌ನಲ್ಲಿರುವ ಅಯೋಡಿನ್‌ನ ಕೆ-ಅಂಚು (ಅದು ಕಿರಣವನ್ನು ಥಟ್ಟನೆ ಹೆಚ್ಚು ಹೀರತೊಡಗುವ ಶಕ್ತಿ) 33.2 ಕೆಇವಿ, ಕೆವಿ ಇಳಿದಷ್ಟೂ ಕಿರಣದ ಸರಾಸರಿ ಶಕ್ತಿ ಅದರ ಹತ್ತಿರ ಬಂದು, ಅಯೋಡಿನ್‌ನಿಂದ ಬರುವ ಎಚ್‌ಯು (ಚಿತ್ರದ ಬಿಳುಪಿನ ಅಂಕಿ) ಸುಮಾರು ಕಾಲು ಭಾಗ ಏರುತ್ತದೆ. ಬಹಳ ಮಂದಿ ಎಡವುವುದು ಇಲ್ಲಿ: ಕೆವಿ ಮಾತ್ರ ಬದಲಿಸಿ ಇಂಡೆಕ್ಸ್ 12ರಲ್ಲೇ ಬಿಟ್ಟರೆ ಆಟೋ ಎಂಎ ಆ ನಾಯ್ಸ್ ಹಿಡಿಯಲು ಎಂಎ ಏರಿಸಿಬಿಡುತ್ತದೆ, ಡೋಸ್ ಹೆಚ್ಚೇನೂ ಇಳಿಯದು. ಕಾಂಟ್ರಾಸ್ಟ್ ಕಾಲು ಭಾಗ ಏರಿದ ಮೇಲೆ ನಾಯ್ಸ್ ಅಷ್ಟೇ ಏರಿದರೂ ಎರಡರ ಅನುಪಾತ ಹಾಗೇ ಉಳಿಯುತ್ತದೆ. ಇಂಡೆಕ್ಸ್ 14ಕ್ಕೆ ಏರಿಸಿ ನೋಡಿ, ವಿಂಡೋ (ಪರದೆಯಲ್ಲಿ ತೋರುವ ಬೂದುಬಣ್ಣದ ವ್ಯಾಪ್ತಿ) ಸ್ವಲ್ಪ ಅಗಲಿಸಿ. ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್‌ನಲ್ಲಿ ಅಯೋಡಿನ್‌ನ ಈ ಲಾಭ ಸಿಗದು.

ಪಿಚ್‌ನಿಂದ ಏನೂ ಉಳಿಯದು, ಆಟೋ ಎಂಎ ಸರಿದೂಗಿಸುತ್ತದೆ. ಬೇಡದ ಒಂದು ಫೇಸ್ ಕೈಬಿಟ್ಟರೆ ಅದರ ಡೋಸ್ ಪೂರ್ತಿ ಉಳಿಯುತ್ತದೆ.

ಮಕ್ಕಳಿಗೆ ಪರದೆಯ ಸಿಟಿಡಿಐ ನಂಬಬೇಡಿ. 32 ಸೆಂಮೀ ಫ್ಯಾಂಟಮ್‌ನ (ಮೈಯ ಬದಲು ಡೋಸ್ ಅಳೆಯಲು ಬಳಸುವ ಪ್ಲಾಸ್ಟಿಕ್ ದಿಂಡು) ಲೆಕ್ಕದಲ್ಲಿ 10 ಮಿಲಿಗ್ರೇ ಎಂದು ತೋರಿದರೆ, 20 ಸೆಂಮೀ ವ್ಯಾಸದ ಮೈಗೆ ಗುಣಕ 1.78, ಅಂದರೆ ಅಂದಾಜು 17.8.